ಹಂಗಾಮಿ ಮೇಯರ್

ಡಿಸೆಂಬರ್ ೯, ಮಂಗಳವಾರ. ಬನಹಟ್ಟಿ, ತವರುಮನೆ.

ಪಾಲಿಕೆ ಆಯುಕ್ತರ ಮಾತು ಇನ್ನೂ ಚುಚ್ಚುತ್ತಿದೆ. 'ನೀವು ಹಂಗಾಮಿ ಮೇಯರ್, ಮೇಡಂ. ಆ ಬಡಾವಣೆಯ ನೀರಿನ ಪೈಪು ಹೊಸ ಮೇಯರ್ ಬಂದ ಮೇಲೆ ನೋಡೋಣ.' ಮೇಯರ್ ರಾಜೀನಾಮೆ ಕೊಟ್ಟರು, ಉಪಮೇಯರ್ ಆಗಿದ್ದ ನನಗೆ ಕುರ್ಚಿ ಬಂತು. ಚುನಾವಣೆಯವರೆಗೆ ಅದನ್ನು ಕಾದುಕೊಂಡಿರಬೇಕಂತೆ. ಬಡಾವಣೆಯ ಹೆಂಗಸರು ಟ್ಯಾಂಕರ್ ಕಾಯಬೇಕಂತೆ.

ಹೊತ್ತು ಮುಳುಗುವ ಮೊದಲೇ ನಮ್ಮ ಮನೆಯಲ್ಲಿ ಊಟ. ಅವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು, 'ಹಂಗಾಮಿ ಅಂದ್ರ ಕಬ್ಬಿನ ಹಂಗಾಮ ಇದ್ದಂಗೇನ?'

ನಕ್ಕೆ. 'ಅಲ್ಲಬೇ, ಸ್ವಲ್ಪ ದಿನದ ಮಟ್ಟಿಗೆ ಅಂತ.'

'ನಾನೂ ಅದನ್ನ ಹೇಳಾಕತ್ತೇನಿ. ಹಂಗಾಮ ಎಲ್ಲಿ ವರ್ಷಾನಗಟ್ಟಲೆ ಇರತೈತಿ? ನಿಮ್ಮಣ್ಣನ್ನ ನೋಡು, ಕಬ್ಬು ಕಡಿಯೂಮುಂದ ಮನಿಗೇ ಬರಂಗಿಲ್ಲ. ಹಂಗಾಮದಾಗ ಯಾರರ ಕೈಕಟಗೊಂಡು ಕುಂಡರ್ತಾರೇನ?'

ನಗು ಅಲ್ಲಿಗೇ ನಿಂತಿತು. ಇಷ್ಟು ದಿನ ಆ ಪದವನ್ನು ಮೈಲಿಗೆಯಂತೆ ಹೊತ್ತು ತಿರುಗಿದವಳು ನಾನೇ.

ಕೈ ತೊಳೆದವಳೇ ಆಯುಕ್ತರಿಗೆ ಫೋನ್ ಮಾಡಿದೆ. ಗುರುವಾರದ ಸಭೆಯಲ್ಲಿ ನೀರಿನ ಪೈಪೇ ಮೊದಲ ವಿಷಯ ಎಂದೆ. ಅವರು ಮತ್ತೆ ಶುರು ಮಾಡಿದರು, 'ಮೇಡಂ, ನೀವು ಹಂಗಾಮಿ...'

'ಹೌದ್ರಿ,' ಎಂದೆ. 'ಅದಕ್ಕ ಗಡಿಬಿಡಿ.'