ಕಾರವಾರಕ್ಕೊಂದು ಪೊಟ್ಟಣ

ಬ್ರಹ್ಮಪುರ, ಕಲಬುರಗಿ
೧೨ ಮೇ ೨೦೨೫

ಮಗಳೇ ಸಬಾ,

ನಿನ್ನ ನೀಲಗಂಗಮ್ಮ ಮೌಶಿಯ ಆಶೀರ್ವಾದ. ಕ್ಷೇಮವಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಇಲ್ಲಿ ಬಿಸಿಲು ಕೆಂಡ ಕಾರುತ್ತಿದೆ. ನನ್ನ ಅಂಬಿಕಾ ಇದ್ದಿದ್ದರೆ ಫೋನಿನಲ್ಲಿ ನಗುತ್ತ, "ಸ್ವಲ್ಪ ತಾಳವ್ವಾ, ಸಮುದ್ರಕ್ಕ ಔಷಧ ಹಾಕಾಕತ್ತೀವಿ" ಅನ್ನುತ್ತಿದ್ದಳು.

ನೀವಿಬ್ಬರೂ ಕಾರವಾರದ ಕಡಲಿಗೆ ಸುಣ್ಣ ಕಲಸಿ ಬಿಡುವ ಕೆಲಸ ಹಿಡಿದಾಗ ನಾನು ಎಷ್ಟು ಗೇಲಿ ಮಾಡಿದ್ದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಬಿಸಿಲು ಕಲಬುರಗಿಗೆ, ಮದ್ದು ಸಮುದ್ರಕ್ಕೆ ಎಂದಿದ್ದೆ. ಅವಳು ಅಡುಗೆಮನೆಯಲ್ಲಿ ಕುಳಿತು ತಿಳಿಸಿ ಹೇಳಿದಳು. ಲೋಕದ ಹೊಗೆಯನ್ನು ಕುಡಿದು ಕುಡಿದು ಸಮುದ್ರಕ್ಕೆ ಹುಳಿ ಏರಿದೆಯಂತೆ. ಎದೆಯುರಿಗೆ ಸೋಡಾ ಕುಡಿದ ಹಾಗೆ, ಸುಣ್ಣ ಬಿದ್ದರೆ ಹುಳಿ ಮುರಿದು ಇನ್ನಷ್ಟು ಹೊಗೆ ಕುಡಿಯುತ್ತದಂತೆ, ಹೊಗೆ ಇಳಿದರೆ ಬಿಸಿಲೂ ಇಳಿಯುತ್ತದಂತೆ. ಖರೇನೇ ಆಗ್ತದೇನ ಎಂದೆ. "ಗೊತ್ತಿಲ್ಲವ್ವಾ, ಅದನ್ನ ನೋಡಾಕ ಹೊಂಟೀವಿ" ಎಂದಳು.

ಹೊರಡುವ ದಿನ ಕೊರಳಿನ ಲಿಂಗವನ್ನು ಬಿಚ್ಚಿ, ನೀರಿಗೆ ಬಿದ್ದೀತೆಂದು ದೇವರ ಜಗುಲಿಯ ಮೇಲಿಟ್ಟು ಹೋದಳು. ಲಿಂಗ ಉಳಿಯಿತು, ದೋಣಿ ವಾಲಿ ಅವಳೇ ಬಿದ್ದಳು. ಹಿಡಿದ ಕೈ ಜಾರಿತು ಎಂದು ಪ್ರತಿ ಸಲ ಬರೆಯುತ್ತೀಯ. ಇನ್ನು ಬರೆಯಬೇಡ ಮಗಳೇ. ನಿನ್ನ ಕೈಯಾದರೂ ಅವಳನ್ನು ಮುಟ್ಟಿತ್ತು, ನನಗೆ ಅದೂ ಇಲ್ಲ.

ನಮ್ಮಲ್ಲಿ ಸತ್ತವರ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಕೊಡುತ್ತಾರೆ. ದೇಹವೇ ಸಿಗದಿದ್ದರೆ ಏನು ಮಾಡುವುದು? ಮೈದುನ ದೌಲಪ್ಪ, "ಕಮಲಾಪುರದ ಹೊಲದಾಗ ಅಣ್ಣನ ಬಾಜೂಕ ಲಿಂಗ ಅಷ್ಟೇ ಇಟ್ಟು ಮಣ್ಣು ಕೊಡೂಣ್ರಿ ವೈನಿ" ಎಂದ. ಕೆಂಪು ಬಾಳೆಯ ಸಾಲಿನ ಪಕ್ಕ ಕುಣಿಯನ್ನೂ ತೋಡಿಸಿದ. ನಾನು ಕುಣಿಯ ಮುಂದೆ ನಿಂತು ಜಗಳ ತೆಗೆದೆ. ಮಗಳು ಉಪ್ಪುನೀರಿನಲ್ಲಿ, ಲಿಂಗ ಬಾಳೆತೋಟದಲ್ಲಿ, ಇದ್ಯಾವ ನ್ಯಾಯ ಎಂದು ಕೂಗಿದೆ. ಪಾಪ, ಅವನೇ ಕುಣಿ ಮುಚ್ಚಿದ.

ಅದಕ್ಕೇ ಈ ಪೊಟ್ಟಣ. ಬರುವ ಸೋಮವಾರ ನಿಮ್ಮ ದೋಣಿ ಮತ್ತೆ ಹೊರಡುತ್ತದೆ, ಹತ್ತಲು ನಿನಗೆ ಭಯ ಎಂದು ನಿಮ್ಮಮ್ಮ ಚಾಂದಬಿ ಹೇಳಿದರು. ಭಯವಾದರೂ ಹತ್ತು. ಸುಣ್ಣ ಬಿಡುವಾಗ ಅವಳು ಬಿದ್ದ ಜಾಗದಲ್ಲಿ ಈ ಲಿಂಗವನ್ನು ಬಿಡು, ಅದರ ಮೇಲೆ ಈ ಒಂದು ಹಿಡಿ ಕಮಲಾಪುರದ ಮಣ್ಣು ಹಾಕು. ನಿಮ್ಮಲ್ಲೂ ಮಣ್ಣು ಕೊಡುತ್ತಾರಲ್ಲ, ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಿನ್ನ ಮೌಶಿ,
ನೀಲಗಂಗಮ್ಮ

ತಾ.ಕ.: ಪೊಟ್ಟಣದಲ್ಲಿ ಮಣ್ಣು ಮಾತ್ರ ಇದೆ. ಲಿಂಗವನ್ನಿಟ್ಟು ಹೊಲಿದದ್ದನ್ನು ಅಂಚೆ ಕಚೇರಿಯಲ್ಲೇ ನಿಂತು ಬಿಚ್ಚಿಬಿಟ್ಟೆ. ಸಿಟ್ಟಾಗಬೇಡ ಸಬಾ. ನಾಳೆ ಅವಳು ಬಂದು, ಅವ್ವಾ ನನ್ನ ಲಿಂಗ ಎಲ್ಲಿ ಎಂದು ಕೇಳಿದರೆ ನಾನು ಏನು ಕೊಡಲಿ?