ತಟ್ಟೆಯಲ್ಲಿ ಉಳಿದ ಕೋಶಗಳು

ಶನಿವಾರ, ಬೆಳಗ್ಗೆ

ಪ್ರೀತಿಯ ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಚೆನ್ನಾಗಿದ್ದಾರೆ. ನನ್ನೆದುರಿನ ಮಂಚದಲ್ಲಿ ಕೂತು ಆಸ್ಪತ್ರೆಯ ಊಟವನ್ನು ಬೈಯುತ್ತಿದ್ದಾರೆ. ಈಗ ಸಮಾಧಾನವಾಗಿ ಮುಂದೆ ಓದು.

ಹೋದ ತಿಂಗಳು ಮೆಟ್ಟಿಲು ಹತ್ತುವಾಗ ಅವರಿಗೆ ಎದೆ ಹಿಡಿದುಕೊಂಡಿತು. ಹೃದಯದ ರಕ್ತನಾಳವೊಂದು ಮುಕ್ಕಾಲು ಕಟ್ಟಿದೆ, ಅದನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಸ್ಟೆಂಟ್, ಹಾಕಲೇಬೇಕು ಎಂದರು ಡಾಕ್ಟರು. ಅಪ್ಪ ಸುತರಾಂ ಒಪ್ಪಲಿಲ್ಲ. ಕಾರಣ ನಾನು ಎಂದರೆ ನಗಬೇಡ.

ನಮ್ಮ ಪ್ರಯೋಗಾಲಯದಲ್ಲಿ ರಕ್ತನಾಳದ ಒಳಪದರದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಹಿಂಸೆ ಕೊಡುತ್ತೇವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದಲ್ಲ, ಅಂಥದೇ ಪೆಟ್ಟು. ಏನೂ ಉಣಿಸದ ಕೋಶಗಳು ಮುದುಡಿ, ತಟ್ಟೆಯಿಂದ ಕಳಚಿ ತೇಲಿದವು. ಜಿನ್ಸೆಂಗ್ ಎಂಬ ಔಷಧಿ ಬೇರಿನ ಸಾರವನ್ನು ಮೊದಲೇ ಉಣಿಸಿದವುಗಳಲ್ಲಿ ಹೆಚ್ಚಿನವು ಉಳಿದುಕೊಂಡವು. ಆ ದಿನ ಕುಣಿಯುತ್ತಾ ಬಂದು ಅಪ್ಪನಿಗೆ ಹೇಳಿದ್ದೆ. ಅವರು ಸದ್ದಿಲ್ಲದೆ ಬೇರಿನ ಪುಡಿ ತಂದು ಕುಡಿಯಲು ಶುರುಮಾಡಿದ್ದರು. ಮಗಳೇ ಮದ್ದು ಕಂಡುಹಿಡಿದಿರುವಾಗ ಸ್ಟೆಂಟ್ ಯಾಕೆ ಎಂದು ಡಾಕ್ಟರನ್ನೇ ಕೇಳಿದರಂತೆ.

ವಾದಿಸಿ ಸೋತೆ. ಕೊನೆಗೆ ಪ್ರಯೋಗಾಲಯಕ್ಕೇ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಬಹಳ ಹೊತ್ತು ನೋಡಿದರು.

"ಇವಕ್ಕೆ ಹೊಟ್ಟೆ ಇಲ್ಲ, ಲಿವರ್ ಇಲ್ಲ, ನಿಮ್ಮ ಹಾಗೆ ಸಿಗರೇಟ್ ಸೇದಿಯೂ ಇಲ್ಲಪ್ಪ," ಅಂದೆ. "ನೀವು ಕುಡಿದಿದ್ದು ನಿಮ್ಮ ನಾಳದ ತನಕ ಹೋಗುತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಕಟ್ಟಿರೋದನ್ನ ಬಿಡಿಸುತ್ತೆ ಅಂತ ನಾವಂತೂ ನೋಡಿಲ್ಲ."

"ಹಾಗಾದ್ರೆ ನಿನ್ನ ಕೆಲಸ ಸುಳ್ಳಾ?"

"ಸುಳ್ಳಲ್ಲ. ಇನ್ನೂ ಅರ್ಧ ದಾರಿ."

ಬಸ್ಸು ಓಡಿಸಿದ ಮನುಷ್ಯ ನೋಡು. ಅರ್ಧ ದಾರಿಯಲ್ಲಿ ನಿಂತ ಗಾಡಿ ನಂಬಿಕೊಂಡು ಕೂತರೆ ಊರು ಸೇರುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಎದ್ದರು.

ಪುಡಿಯ ವಿಷಯ ಕೇಳಿ ಡಾಕ್ಟರು ಗದರಿದರು. ರಕ್ತ ತೆಳುವಾಗಿಸುವ ಮಾತ್ರೆಗೂ ಅದಕ್ಕೂ ಆಗಿಬರದಿರಬಹುದಂತೆ. ಅಪ್ಪ ಅವತ್ತಿನಿಂದಲೇ ಪುಡಿ ಕುಡಿಯುವುದನ್ನು ಬಿಟ್ಟರು. ನಿನ್ನೆ ಸ್ಟೆಂಟ್ ಹಾಕಿದರು. ನಾಳ ತೆರೆದುಕೊಂಡಿದೆ, ರಕ್ತ ಸರಾಗ ಹರಿಯುತ್ತಿದೆ ಎಂದು ಡಾಕ್ಟರು ಹೊರಬಂದು ಹೇಳಿದರು. ಆಮೇಲೆ ಹಸಿವಾಯಿತು ನೋಡು, ಎರಡು ಊಟ ಒಬ್ಬಳೇ ಮುಗಿಸಿದೆ.

ಮನೆ ಮಾರುವ ಮಾತಿಗೆ ಮುನಿಸಿಕೊಂಡು ನೀನೂ ಅಪ್ಪನೂ ಮಾತು ಬಿಟ್ಟು ಮೂರು ವರ್ಷವಾಯಿತು. ನಿನಗೆ ತಿಳಿಸಬೇಡ ಎಂದು ಅಪ್ಪನೇ ತಡೆದಿದ್ದರು. ಬಾ ಎಂದು ನಾನು ಒತ್ತಾಯಿಸುವುದಿಲ್ಲ.

ನಿನ್ನ ತಂಗಿ,
ಪುಟ್ಟಿ

ಹೇಳಲು ಮರೆತೆ: ನಿನ್ನೆ ಸ್ಟೆಂಟ್ ಹಾಕಲು ಒಳಗೆ ಕರೆದೊಯ್ಯುವಾಗ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ನರ್ಸ್ ಕೇಳಿದಳು. ಅಪ್ಪ ಕಣ್ಣು ಮುಚ್ಚಿಕೊಂಡೇ ಒಂದು ನಂಬರ್ ಒಪ್ಪಿಸಿದರು. ನನ್ನದಲ್ಲ ಅಕ್ಕಾ, ನಿನ್ನದು.