ಮಗ್ಗದ ಬೀದಿಗೆ ಬಾರದ ಜೂಬಿಲಿ

ತಿರುಪ್ಪೂರು
1935, ಮಾಸಿ ತಿಂಗಳು

ನನ್ನ ಬಾಯಾಳಿ ಮಗಳು ಪಾಪಾತಿಗೆ,

ಬರೆಯೋ ಅಕ್ಷರ ತಮಿಳು, ಅಳು ಮಾತ್ರ ನಮ್ಮ ಮನೆಮಾತು ಕನ್ನಡ. ನಿನ್ನ ಗಂಡ ಸವರಿಮುತ್ತು ಕೈಲಿ ಓದಿಸ್ಬೇಡಮ್ಮ, ಅವನಿಗೆ ತಿಳಿಯಲ್ಲ. ನೀನೇ ಕೂಡಿಸ್ಕೊಂಡು ಓದು. ನಿಮ್ಮವ್ವ ಹೋದ್ಲು. ಯಾಕೆ ನನ್ನ ಕರೀಲಿಲ್ಲ ಅಂತ ನೀ ಕೇಳ್ತೀಯ. ಹೇಳ್ತೀನಿ.

ಕೋಯಮುತ್ತೂರಲ್ಲಿ ನಿಮ್ಮ ಕಿರಿಸ್ತಾನರ ಗುಡಿ ಮಾದಾಕೋವಿಲ ಹೊರಗೆ ನಿಂತು ನೀ ಹೇಳಿದ್ದೆಯಲ್ಲ: "ಅಪ್ಪಾ, ಹಳೇ ಕಾಲದ ಯೆಹೂದಿಗಳಿಗೆ ಐವತ್ತನೇ ವರ್ಸ ಜೂಬಿಲಿ. ಟಗರಿನ ಕೊಂಬು ಊದಿದ್ರೆ ಆಳಾಗಿ ಹೋದೋನು ಬಿಡುಗಡೆ, ಮಾರಿದ ಹೊಲ ವಾಪಸ್ಸು, ಮನೆ ಬಿಟ್ಟೋರು ಮನೆಗೆ. ನಮಗೂ ಈಗ ಜೂಬಿಲಿ. ರೋಮಾಪುರೀಲಿ ದೊಡ್ಡ ಕೋವಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದ ಬಾಗಿಲನ್ನೇ ಒಡೆದು ತೆಗೆದಿದ್ರಂತೆ, ಹೊಕ್ಕೋರ ಪಾಪ ಕಳೀಲಿ ಅಂತ." ಜುಬ್ಬಾನೇ ಇಲ್ಲದ ಮಗ್ಗದೋನಿಗೆ ಎಂಥ ಜೂಬಿಲಿ ಅಂತ ನಾನು ನಕ್ಕಿದ್ದೆ.

ಅದನ್ನ ನಿಮ್ಮವ್ವನಿಗೆ ಹೇಳ್ದೆ. ಚಾಪೆ ಹಿಡಿದಿದ್ದೋಳು ತಲೆ ಎತ್ತಿದ್ಲು. "ನಮ್ಮ ಬಾಗಿಲಿಗೆ ಇಟ್ಟಿಗೆ ಕಟ್ಟಿಲ್ಲ, ಅಗುಳಿ ಕೂಡ ಹಾಕಿಲ್ಲ. ಅವಳ್ಯಾಕೆ ಬರಲ್ಲ?"

ಕಿರಿಸ್ತಾನದೋನ ಕಟ್ಕೊಂಡ ನೀ ಹೊಸ್ತಿಲು ತುಳಿದ್ರೆ ನಮ್ಮನ್ನೂ ಕುಲದಿಂದ ತಳ್ತಾರೆ, ನಿನ್ನ ತಂಗಿ ಸಾಂತಿಗೆ ಗೊತ್ತಾದ ಸಂಬಂಧ ಮುರೀತದೆ. ಅದಕ್ಕೇ ಕುಲದ ಕೂಟಕ್ಕೆ ಹೋದೆ. ಕೈ ಮುಗಿದು ಕೇಳ್ದೆ: "ನಮಗೂ ಒಂದು ಜೂಬಿಲಿ ಕೊಡಿ. ಹೊರಗೆ ಹಾಕಿದ ಮಕ್ಕಳು ಒಂದು ಸಲ ಬಂದು ಹೆತ್ತೋಳ ಮುಖ ನೋಡ್ಲಿ." ಯಜಮಾನ ಗೋವಿಂದಸಾಮಿ ಹೊಟ್ಟೆ ಕುಣಿಸಿ ನಕ್ಕ. "ಏನ್ ಮಾವ, ಹೋದ ಸಲ ನನ್ನ ನಶ್ಯದ ಡಬ್ಬೀಲಿ ಮೆಣಸಿನಪುಡಿ, ಈ ಸಲ ಜೂಬಿಲಿನಾ?" ನಂಗೆ ಕಣ್ಣೀರು ಬಂತು. "ಮುದುಕ ಎಷ್ಟು ಚೆಂದ ಅಳ್ತಾನೆ ನೋಡ್ರೋ" ಅಂತ ಯಾರೋ ಚಪ್ಪಾಳೆ ತಟ್ಟಿದ್ರು. ದಿನಾ ಒಂದು ಆಟ ಕಟ್ಟಿ ಊರನ್ನ ನಗಿಸ್ತಿದ್ದೋನ ಅಳು ನಿಜ ಅಂತ ಯಾರಿಗೂ ಅನ್ನಿಸ್ಲಿಲ್ಲ.

ಗುರುವಾರ ನಿಮ್ಮವ್ವನ ಕಣ್ಣು ಮಂಜಾಯ್ತು. ಬಂದೋರನ್ನೆಲ್ಲಾ "ಪಾಪಾತಿ" ಅಂದ್ಲು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಪಕ್ಕದ ಮನೆ ಚಿನ್ನತಾಯೀನ ಕೂರಿಸಿ, ನಿನ್ನ ಹಂಗೆ ಮಾತಾಡು ಅಂದೆ. "ಅವ್ವಾ, ನಾನು ಬಂದಿದ್ದೀನಿ" ಅಂದ್ಲು ಅವಳು.

ನಿಮ್ಮವ್ವ ಅವಳ ಕೈ ಹಿಡಿದು ಬೆರಳೆಲ್ಲಾ ಸವರಿ ನೋಡಿದ್ಲು. ಆಮೇಲೆ ಮೆಲ್ಲಗೆ ಬಿಟ್ಟು, ನಾನಿದ್ದ ಕಡೆ ತಿರುಗಿದ್ಲು.

"ಇದೂ ನಿಮ್ಮ ಆಟಾನಾ?"

ಅದೇ ಅವಳ ಕೊನೇ ಮಾತು.

ನಿನಗೆ ಮುಪ್ಪು ಬಂದಾಗ ಹೆತ್ತ ಮಕ್ಕಳೆಲ್ಲಾ ನಿನ್ನ ಚಾಪೆ ಸುತ್ತ ಇರ್ಲಿ, ಮಗಳೇ.

ನಿನ್ನ ಅಪ್ಪ,
ವೆಲ್ಲಿಂಗಿರಿ